ಹಿಗ್ಗಿದ ನೀರಿಗೆ ಹೋಗಲು ದಾರಿ

ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ ಗೀಸರ್ ಮೂಲತಃ ಬಾಯಿ ಮುಚ್ಚಿದ ಒಂದು ಹಂಡೆ. ಬಚ್ಚಲೊಲೆಯಲ್ಲಿ ಕೂರಿಸಿದ ತಾಮ್ರದ ಹಂಡೆ ಮಾಡುತ್ತಿದ್ದ ಕೆಲಸವನ್ನೇ ಅದೂ ಮಾಡುತ್ತದೆ. ಆದರೆ ಹಂಡೆಯ ಬಾಯಿ ಸದಾ ತೆರೆದಿರುತ್ತಿದ್ದುದರಿಂದ ಕಾದ ನೀರು ಹಿಗ್ಗಿದಾಗ ಅಂಚಿನ ಕಡೆಗೆ ತುಸು ಏರುತ್ತಿತ್ತು, ಕುದಿದಾಗ ಆವಿಯಾಗಿ ಹೊರಟುಹೋಗುತ್ತಿತ್ತು, ಒಲೆಗೆ ಎಷ್ಟೇ ಸೌದೆ ತುರುಕಿದರೂ ನೀರಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅದೇ ಹಂಡೆಯನ್ನು ಎಲ್ಲ ಕಡೆಯಿಂದ ಬೆಸುಗೆ ಹಾಕಿ ಮುಚ್ಚಿ, ಒಂದು ಕೊಳವೆಯಿಂದ ತಣ್ಣೀರು ಒಳಬಿಟ್ಟು, ಇನ್ನೊಂದರಿಂದ ಬಿಸಿನೀರು ಹೊರತೆಗೆಯುವ ಏರ್ಪಾಡು ಮಾಡಿದ ಕ್ಷಣದಿಂದ ಒತ್ತಡವೆಂಬ ಹೊಸ ಸಂಗತಿ ಅದರೊಳಗೆ ಸೇರಿಕೊಳ್ಳುತ್ತದೆ. ಗೀಸರನ್ನು ಕೊಳಾಯಿ ವ್ಯವಸ್ಥೆಗೆ ಜೋಡಿಸುವುದು ಎರಡು ಪೈಪುಗಳನ್ನು ತಿರುಗಿಸಿ ಬಿಗಿಮಾಡುವ ಕೆಲಸವೆಂದು ಹೊರನೋಟಕ್ಕೆ ಅನ್ನಿಸಿದರೂ, ವಾಸ್ತವದಲ್ಲಿ ಅದು ಈ ಒತ್ತಡಕ್ಕೆ ದಾರಿ ಮಾಡಿಕೊಡುವ ಕೆಲಸವಾಗಿದೆ.

ಈ ಯಂತ್ರದ ಹೆಸರು ಐಸ್‌ಲ್ಯಾಂಡಿನದು. ಅಲ್ಲಿ ನೆಲದಿಂದ ಬಿಸಿನೀರು ಚಿಮ್ಮುವ ಪ್ರಸಿದ್ಧ ಬುಗ್ಗೆಯೊಂದಕ್ಕೆ ಗೇಸಿರ್ ಎಂಬ ಹೆಸರಿದ್ದು, 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬಾತ ಅನಿಲದ ಉರಿಯಿಂದ ತಕ್ಷಣ ನೀರು ಕಾಯಿಸುವ ಉಪಕರಣವೊಂದನ್ನು ರಚಿಸಿದಾಗ ಅದಕ್ಕೆ ಆ ಬುಗ್ಗೆಯ ಹೆಸರನ್ನೇ ಇಟ್ಟನು. ಹೊಗೆ ಹೊರಹೋಗಲು ಕೊಳವೆಯಿಲ್ಲದ ಆ ಉಪಕರಣ ಮನೆಬಳಕೆಗೆ ಅಪಾಯಕಾರಿಯಾಗಿತ್ತು. ಗಾಳಿಯಾಡದ ಬಚ್ಚಲುಮನೆಯಲ್ಲಿ ಅನಿಲದ ಗೀಸರ್ ಹಾಕಿಸಿಕೊಂಡವರು ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾಗುವ ಸುದ್ದಿ ಇಂದಿಗೂ ಬರುತ್ತಿರುವುದನ್ನು ನೋಡಿದರೆ ಒಂದೂವರೆ ಶತಮಾನದ ಹಿಂದಿನ ಆ ದೋಷ ಇನ್ನೂ ಮರೆಯಾಗಿಲ್ಲ. ನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ತಾನಾಗಿ ಬಿಸಿಯಾಗಿರಿಸುವ ಬಗೆಯನ್ನು 1889ರ ಸುಮಾರಿಗೆ ಅಮೆರಿಕದಲ್ಲಿ ನೆಲೆಸಿದ್ದ ನಾರ್ವೆಯ ಎಂಜಿನಿಯರ್ ಎಡ್ವಿನ್ ರೂಡ್ ಬಳಕೆಗೆ ತಂದನು. ಇಲ್ಲಿ ವಿವರಿಸುತ್ತಿರುವುದು ಆ ಎರಡನೆಯ ಬಗೆಯ, ವಿದ್ಯುತ್ತಿನಿಂದ ಕಾಯುವ, 15 ಅಥವಾ 25 ಲೀಟರ್ ಹಿಡಿಯುವ ಶೇಖರಣಾ ಗೀಸರನ್ನು.

ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿದ್ದು, ಅಲ್ಲಿಂದ ಮೇಲೆ ಬಿಸಿಯೇರಿದಷ್ಟೂ ಹಿಗ್ಗುತ್ತದೆ. 25 ಡಿಗ್ರಿಯ ನೀರು 60 ಡಿಗ್ರಿಗೆ ಕಾದಾಗ ಅದರ ಗಾತ್ರ ಸುಮಾರು ಶೇಕಡ 1.4ರಷ್ಟು ಹೆಚ್ಚುತ್ತದೆ, 75 ಡಿಗ್ರಿಗೆ ಕಾದರೆ ಹೆಚ್ಚಳ ಶೇಕಡ 2.3ರ ಹತ್ತಿರ ಬರುತ್ತದೆ. ಈ ಲೆಕ್ಕದಂತೆ 15 ಲೀಟರಿನ ಗೀಸರಿನಲ್ಲಿ ಸ್ವಿಚ್ ಹಾಕಿದಾಗ ಇಲ್ಲದಿದ್ದ ಸುಮಾರು 200 ಮಿಲಿಲೀಟರ್ ನೀರು, ಅಂದರೆ ದೊಡ್ಡ ಲೋಟದ ತುಂಬ ನೀರು, ಸ್ವಿಚ್ ಆರಿಸುವ ಹೊತ್ತಿಗೆ ಎಲ್ಲಿಂದಲೋ ಬಂದು ಸೇರಿಕೊಂಡಂತಾಗುತ್ತದೆ. ಗಾಳಿಯನ್ನಾದರೆ ಅದುಮಿ ಕುಗ್ಗಿಸಬಹುದು, ನೀರು ಅದುಮಿದರೆ ಬಗ್ಗುವಂಥದ್ದಲ್ಲ. ತೊಟ್ಟಿಯ ಗೋಡೆ ಕೂದಲೆಳೆಯಷ್ಟೂ ಹಿಗ್ಗದು, ಎಲ್ಲಿಯೂ ಸೋರದು ಎಂದು ಕಲ್ಪಿಸಿಕೊಂಡು ಲೆಕ್ಕಹಾಕಿದರೆ, 60 ಡಿಗ್ರಿಗೆ ಕಾಯುವಷ್ಟರಲ್ಲಿ ಒಳಗಿನ ಒತ್ತಡ ವಾತಾವರಣದ ಒತ್ತಡದ 300 ಪಟ್ಟಿನ ಸುಮಾರಿಗೆ ಏರಬೇಕಾಗುತ್ತದೆ. ವಾಸ್ತವದಲ್ಲಿ ಅಷ್ಟರವರೆಗೆ ಯಾವ ತೊಟ್ಟಿಯೂ ತಾಳುವುದಿಲ್ಲ; ಅದಕ್ಕೆ ಬಹಳ ಮುಂಚೆಯೇ ಪೈಪಿನ ಕೀಲು ಬಿಡುತ್ತದೆ, ವಾಷರ್ ಹಿಂಡಿಹೋಗುತ್ತದೆ ಅಥವಾ ಬೆಸುಗೆ ಸೀಳುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ನೀರು ಕುದಿಯದೆಯೇ, ಆವಿಯ ಸುಳಿವೇ ಇಲ್ಲದೆಯೇ ಇಷ್ಟೆಲ್ಲ ಆಗಬಲ್ಲದು.

ಕುದಿಯುವ ಹಂತ ತಲುಪಿದರಂತೂ ಅಪಾಯದ ಸ್ವರೂಪವೇ ಬೇರೆ. ಒತ್ತಡ ಹೆಚ್ಚಿದಂತೆ ಕುದಿಬಿಂದು ಏರುತ್ತದೆ ಎಂಬುದಕ್ಕೆ ಅಡುಗೆಮನೆಯ ಕುಕ್ಕರೇ ಸಾಕ್ಷಿ; ಅದರಲ್ಲಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದಲೇ ಬೇಳೆ ಬೇಗ ಬೇಯುತ್ತದೆ. ಥರ್ಮೋಸ್ಟಾಟ್ ಕೆಟ್ಟು, ಕಾಯಿಲ್ ನಿಲ್ಲದೆ ಉರಿಯುತ್ತ, ಒತ್ತಡಕ್ಕೆ ಹೊರದಾರಿಯೂ ಇಲ್ಲದೆ ಹೋದರೆ ಗೀಸರಿನ ನೀರು 150 ಡಿಗ್ರಿಗೆ ಏರಿಯೂ ನೀರಾಗಿಯೇ ಇರಬಲ್ಲದು. ಆ ಸ್ಥಿತಿಯಲ್ಲಿ ತೊಟ್ಟಿ ಸೀಳಿತೆಂದರೆ ಒಳಗಿನ ನೀರಿನ ಸುಮಾರು ಹತ್ತನೆಯ ಒಂದು ಭಾಗ ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. 25 ಲೀಟರಿನ ತೊಟ್ಟಿಯಿಂದ ಹಾಗೆ ಹೊಮ್ಮುವ ಎರಡು ಕಿಲೋಗೂ ಮಿಕ್ಕ ಆವಿ ಮೂರೂವರೆ ಸಾವಿರ ಲೀಟರಿಗಿಂತ ಹೆಚ್ಚಿನ ಜಾಗವನ್ನು ಕೇಳುತ್ತದೆ. ಚಿಕ್ಕ ಬಚ್ಚಲುಮನೆಯೊಂದರ ಹತ್ತಿರಹತ್ತಿರ ಅರ್ಧದಷ್ಟಿರುವ ಈ ಜಾಗವನ್ನು ಆವಿಯು ರೆಪ್ಪೆ ಮಿಟುಕಿಸುವಷ್ಟರಲ್ಲಿ ಆಕ್ರಮಿಸುವುದನ್ನೇ ಸ್ಫೋಟವೆನ್ನುವುದು.

ಆದುದರಿಂದ ಶೇಖರಣಾ ಗೀಸರಿನಲ್ಲಿ ಒಂದರ ಹಿಂದೆ ಒಂದರಂತೆ ಕಾವಲುಗಳಿರುತ್ತವೆ. ಮೊದಲನೆಯದು ನೀರು ಬೇಕಾದಷ್ಟು ಕಾದೊಡನೆ ವಿದ್ಯುತ್ತನ್ನು ಕಡಿದು, ತಣಿದೊಡನೆ ಮತ್ತೆ ಜೋಡಿಸುವ ಥರ್ಮೋಸ್ಟಾಟ್. ಅದು ಕೈಕೊಟ್ಟರೆ ವಿದ್ಯುತ್ತನ್ನು ಪೂರ್ತಿ ಕಡಿದುಹಾಕುವ ಥರ್ಮಲ್ ಕಟ್‌ಔಟ್ ಎರಡನೆಯದು. ಈ ಎರಡೂ ವಿಫಲವಾದಾಗ ಒತ್ತಡವನ್ನು ನೇರವಾಗಿ ಹೊರಬಿಡುವ ಕವಾಟ ಮೂರನೆಯದು. ಮೊದಲೆರಡನ್ನು ಕಾರ್ಖಾನೆಯಲ್ಲೇ ಕೂರಿಸಿ ಕಳುಹಿಸುತ್ತಾರೆ, ಮೂರನೆಯದನ್ನು ಮಾತ್ರ ಮನೆಯಲ್ಲಿ ಪ್ಲಂಬರ್ ಕೂರಿಸಬೇಕು. ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳುವ ಕವಾಟದ ಕಲ್ಪನೆ ಹೊಸತೇನಲ್ಲ. 1679ರಲ್ಲಿ ಮೂಳೆಗಳನ್ನು ಮೆತ್ತಗೆ ಬೇಯಿಸಲು ಮುಚ್ಚಿದ ಪಾತ್ರೆಯೊಂದನ್ನು ತಯಾರಿಸಿದ ಫ್ರಾನ್ಸಿನ ಡೆನಿಸ್ ಪಾಪಿನ್ ಅದಕ್ಕೆ ಇಂಥದೇ ಕವಾಟವನ್ನು ಅಳವಡಿಸಿದ್ದನು. ಕುಕ್ಕರಿನ ವೇಯ್ಟೂ ಗೀಸರಿನ ಸುರಕ್ಷತಾ ವಾಲ್ವೂ ಆ ಒಂದೇ ಮೂಲದಿಂದ ಬಂದ ಸೋದರರು.

ಹಿಗ್ಗಿದ ನೀರಿಗೆ ದಾರಿ ಮಾಡಿಕೊಡುವ ಕ್ರಮ ಮನೆಯ ನೀರು ಎಲ್ಲಿಂದ, ಎಷ್ಟು ಒತ್ತಡದಲ್ಲಿ ಬರುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ. ಕರ್ನಾಟಕದ ಬಹುಪಾಲು ಮನೆಗಳಲ್ಲಿ ನೀರು ಸಂಪಿನಿಂದ ಮಹಡಿಯ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ತೂಕದಿಂದಲೇ ನಲ್ಲಿಗಳಿಗೆ ಇಳಿದುಬರುತ್ತದೆ. ಹತ್ತು ಮೀಟರ್ ಎತ್ತರದ ನೀರು ಹೇರುವ ಒತ್ತಡ ಸುಮಾರು ಒಂದು ಬಾರ್, ಅಂದರೆ ಹೆಚ್ಚುಕಡಿಮೆ ಒಂದು ವಾತಾವರಣದ ಒತ್ತಡ. ಟ್ಯಾಂಕಿನಿಂದ ನಾಲ್ಕೈದು ಮೀಟರ್ ಕೆಳಗಿರುವ ಗೀಸರಿನ ಮೇಲೆ ಬೀಳುವುದು ಅದರ ಅರ್ಧದಷ್ಟು ಮಾತ್ರ. ಇಂಥ ಮನೆಗೆ ಹೇಳಿ ಮಾಡಿಸಿದ ಏರ್ಪಾಡೆಂದರೆ ಪ್ಲಂಬರುಗಳು ಏರ್ ಪೈಪ್ ಎಂದು ಕರೆಯುವ ತೆರೆದ ಕೊಳವೆ. ಗೀಸರಿನ ಬಿಸಿನೀರಿನ ಪೈಪಿನಿಂದ ಕವಲೊಡೆದು, ಗೋಡೆಗುಂಟ ಏರಿ, ಟ್ಯಾಂಕಿನ ಅಂಚನ್ನೂ ಮೀರಿ ನಿಲ್ಲುವ ಈ ಕೊಳವೆಯ ಬಾಯಿ ಆಕಾಶಕ್ಕೆ ತೆರೆದಿರುವುದರಿಂದ ಗೀಸರ್ ಮತ್ತೆ ಹಂಡೆಯೇ ಆಗಿಬಿಡುತ್ತದೆ. ನೀರು ಹಿಗ್ಗಿದರೆ ಕೊಳವೆಯಲ್ಲಿ ಮೇಲೇರುತ್ತದೆ, ಕುದಿದರೆ ಆವಿ ಹೊರಬೀಳುತ್ತದೆ, ಕೆಳಗಿನ ಮಹಡಿಯ ನಲ್ಲಿ ತೆರೆದು ನೀರು ಹಿಂದಕ್ಕೆ ಎಳೆದುಹೋಗುವಾಗ ಗಾಳಿ ಒಳಬಂದು ತೆಳುವಾದ ತೊಟ್ಟಿ ಚಪ್ಪಟೆಯಾಗದಂತೆ ಕಾಯುತ್ತದೆ. ಬಿಸಿನೀರು ತಣ್ಣೀರಿಗಿಂತ ಹಗುರವಾದುದರಿಂದ ಏರ್ ಪೈಪಿನಲ್ಲಿ ಅದರ ಮಟ್ಟ ಟ್ಯಾಂಕಿನ ಮಟ್ಟಕ್ಕಿಂತ ಮೇಲೆಯೇ ನಿಲ್ಲುತ್ತದೆ. ಐದು ಮೀಟರ್ ಎತ್ತರಕ್ಕೆ 75 ಡಿಗ್ರಿಯ ನೀರು ಹನ್ನೊಂದು ಸೆಂಟಿಮೀಟರಿನಷ್ಟು ಹೆಚ್ಚು ಏರುತ್ತದೆ. ಕೊಳವೆಯನ್ನು ಟ್ಯಾಂಕಿನ ಅಂಚಿಗಿಂತ ಒಂದೆರಡು ಅಡಿ ಎತ್ತರಿಸಿ, ಬಾಯಿಯನ್ನು ಕೆಳಕ್ಕೆ ಬಾಗಿಸಿ ಬಿಡುವ ರೂಢಿಗೆ ಇದೇ ಕಾರಣ. ಆ ಕೊಳವೆಯಲ್ಲಿ ಎಲ್ಲಿಯೂ ವಾಲ್ವ್ ಇರಕೂಡದು. ಹನಿ ಬೀಳುತ್ತದೆಂದು ಅದರ ಬಾಯಿಗೆ ಎಂಡ್ ಕ್ಯಾಪ್ ಹಾಕುವುದು ಹಂಡೆಯ ಬಾಯಿಗೆ ಬೆಸುಗೆ ಹಾಕಿದಂತೆ. ತಾರಸಿಯ ಸೋಲಾರ್ ವಾಟರ್ ಹೀಟರಿನ ತೊಟ್ಟಿಯ ಮೇಲೆ ನೆಟ್ಟಗೆ ನಿಂತಿರುವ ಸಣ್ಣ ಕೊಳವೆಯದೂ ಇದೇ ಕೆಲಸ.

ಏರ್ ಪೈಪ್ ಇಲ್ಲದಿದ್ದರೂ, ತಣ್ಣೀರಿನ ಪೈಪಿನಲ್ಲಿ ಅಡ್ಡಿಯೇನೂ ಇಲ್ಲದಿದ್ದರೆ, ಹಿಗ್ಗಿದ ಆ ಒಂದು ಲೋಟ ನೀರು ಬಂದ ದಾರಿಯಲ್ಲೇ ಟ್ಯಾಂಕಿನ ಕಡೆಗೆ ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ತೊಂದರೆ ಹುಟ್ಟುವುದು ಈ ದಾರಿಯನ್ನು ಮುಚ್ಚಿದಾಗ. ಬಿಸಿನೀರು ತಣ್ಣೀರಿನ ಪೈಪಿಗೆ ಹಿಂದಿರುಗಬಾರದೆಂದು ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕುತ್ತಾರೆ. ಪ್ಲಂಬರುಗಳ ಮಾತಿನಲ್ಲಿ ಅದು ಎನ್‌ಆರ್‌ವಿ. ಅದನ್ನು ಹಾಕುವುದು ಸರಿಯಾದ ಕ್ರಮವೇ. ಆದರೆ ಎನ್‌ಆರ್‌ವಿ ಕೂತ ಮರುಕ್ಷಣ ಗೀಸರ್ ಎರಡೂ ಕಡೆಯಿಂದ ಮುಚ್ಚಿದ ಪಾತ್ರೆಯಾಗುತ್ತದೆ: ಹಿಂದೆ ಎನ್‌ಆರ್‌ವಿ, ಮುಂದೆ ಮುಚ್ಚಿದ ನಲ್ಲಿ. ಹಾಗಾಗಿ ಬರೀ ಎನ್‌ಆರ್‌ವಿ ಎಂದಿಗೂ ಸಲ್ಲದು. ಅದರ ಜೊತೆಗೆ ಒತ್ತಡ ಬಿಡುವ ಕವಾಟ ಇದ್ದೇ ತೀರಬೇಕು.

ಈ ಎರಡನ್ನೂ ಒಂದೇ ಹಿತ್ತಾಳೆಯ ತುಂಡಿನಲ್ಲಿ ಸೇರಿಸಿ ತಯಾರಕರು ಗೀಸರಿನ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ಮಲ್ಟಿ ಫಂಕ್ಷನ್ ವಾಲ್ವ್ ಎಂದು ಕರೆಯಲಾಗುವ ಇದು ಹೆಬ್ಬೆರಳಿಗಿಂತ ತುಸು ದಪ್ಪನಾಗಿದ್ದು, ಮೈಮೇಲೆ ನೀರು ಹರಿಯುವ ದಿಕ್ಕನ್ನು ತೋರಿಸುವ ಬಾಣದ ಗುರುತನ್ನೂ, ಪಕ್ಕದಲ್ಲಿ ಎತ್ತಬಹುದಾದ ಸಣ್ಣ ಹಿಡಿಯನ್ನೂ, ಕೆಳಗೆ ಪೆನ್ಸಿಲಿನಷ್ಟು ಅಗಲದ ಒಂದು ರಂಧ್ರವನ್ನೂ ಹೊಂದಿರುತ್ತದೆ. ಅದರೊಳಗೆ ನೀರು ಮೊದಲು ಎನ್‌ಆರ್‌ವಿಯನ್ನು ದಾಟುತ್ತದೆ. ಅದರಾಚೆ, ತೊಟ್ಟಿಯ ಕಡೆಗೆ, ಸ್ಪ್ರಿಂಗ್ ಅದುಮಿ ಹಿಡಿದ ಬಿಲ್ಲೆಯೊಂದು ರಂಧ್ರವನ್ನು ಮುಚ್ಚಿರುತ್ತದೆ. ಒಳಗಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದೊಡನೆ, ಸಾಮಾನ್ಯವಾಗಿ ಸುಮಾರು 8 ಬಾರಿನಲ್ಲಿ, ಬಿಲ್ಲೆ ಕೂದಲೆಳೆಯಷ್ಟು ಸರಿದು ರಂಧ್ರದಿಂದ ಹನಿಗಳು ತೊಟ್ಟಿಕ್ಕತೊಡಗುತ್ತವೆ. ಗೀಸರ್ ಕಾಯುತ್ತಿರುವಾಗ ಬೀಳುವ ಈ ಹನಿ ಸೋರಿಕೆಯಲ್ಲ, ಹಿಗ್ಗಿದ ನೀರಿಗೆ ದಾರಿ ತೆರೆದಿದೆ ಎಂಬುದರ ಕಣ್ಣಿಗೆ ಕಾಣುವ ಪ್ರಮಾಣ. ಆದರೆ ಮನೆಯವರ ಕಣ್ಣಿಗೆ ಅದು ಸೋರಿಕೆಯಾಗಿಯೇ ಕಾಣುವುದರಿಂದ ರಂಧ್ರಕ್ಕೆ ಎಂ-ಸೀಲ್ ಮೆತ್ತುವುದು, ಸ್ಕ್ರೂ ತಿರುಗಿಸಿ ಬಿಗಿಯುವುದು, ಕೊನೆಗೆ ವಾಲ್ವನ್ನೇ ಕಿತ್ತು ಅಲ್ಲಿ ಸಾದಾ ಎನ್‌ಆರ್‌ವಿ ಹಾಕಿಸುವುದು ನಡೆಯುತ್ತದೆ. ಈ ವಾಲ್ವಿನೊಳಗಿನ ಎನ್‌ಆರ್‌ವಿ ಬರುವ ನೀರಿನ ಒತ್ತಡದಲ್ಲಿ ಸ್ವಲ್ಪವನ್ನು ನುಂಗಿಕೊಳ್ಳುವುದೂ, ಟ್ಯಾಂಕ್ ಹೆಚ್ಚು ಎತ್ತರದಲ್ಲಿಲ್ಲದ ಮನೆಗಳಲ್ಲಿ ಅದರಿಂದ ಷವರಿನ ರಭಸ ಕುಂದುವುದೂ ನಿಜ. ಅಂಥ ಮನೆಗೆ ಏರ್ ಪೈಪಿನ ಪದ್ಧತಿಯೇ ಹೊಂದುತ್ತದೆಯೇ ಹೊರತು ಸುರಕ್ಷತಾ ವಾಲ್ವ್ ತೆಗೆದು ಎನ್‌ಆರ್‌ವಿ ಮಾತ್ರ ಉಳಿಸುವುದು ಯಾವ ಲೆಕ್ಕದಲ್ಲೂ ಪರಿಹಾರವಲ್ಲ. ಗೃಹಬಳಕೆಯ ಕೊಳಾಯಿ ಕೆಲಸದಲ್ಲಿ ಇದಕ್ಕಿಂತ ಅಪಾಯಕರವಾದ ಉಳಿತಾಯ ಇನ್ನೊಂದಿಲ್ಲ.

ವಾಲ್ವಿನ ಸ್ಥಾನವೂ ಅಷ್ಟೇ ಮುಖ್ಯ. ಅದು ತಣ್ಣೀರು ಒಳಬರುವ ಬಾಯಿಗೆ ನೇರವಾಗಿ ಕೂರಬೇಕು. ದುರಸ್ತಿಗಾಗಿ ನೀರು ನಿಲ್ಲಿಸುವ ಆಂಗಲ್ ಕಾಕ್ ಅದಕ್ಕೂ ಹಿಂದೆ, ಗೋಡೆಯ ಕಡೆ ಇರಬೇಕು. ಕಾಕನ್ನು ವಾಲ್ವಿಗೂ ತೊಟ್ಟಿಗೂ ನಡುವೆ ಹಾಕಿದರೆ, ಯಾರೋ ಒಬ್ಬರು ಅದನ್ನು ತಿರುಗಿಸಿ ಮುಚ್ಚಿದ ದಿನ ಸುರಕ್ಷತಾ ವಾಲ್ವ್ ಇದ್ದೂ ಇಲ್ಲದಂತಾಗುತ್ತದೆ. ರಂಧ್ರಕ್ಕೆ ಸಣ್ಣ ಟ್ಯೂಬ್ ಸಿಕ್ಕಿಸಿ, ಮಡಿಕೆ ಬೀಳದಂತೆ ಇಳಿಜಾರಾಗಿ ಗೋಡೆಗುಂಟ ನೆಲದ ಹತ್ತಿರಕ್ಕೆ ಬಿಟ್ಟರೆ ಕುದಿಯುವ ನೀರು ಹೊರಬಂದರೂ ಸ್ನಾನ ಮಾಡುವವರ ಮೈಮೇಲೆ ಬೀಳುವುದಿಲ್ಲ. ಗಡಸು ನೀರಿನ ಊರುಗಳಲ್ಲಿ ಸುಣ್ಣದ ಪದರ ಬಿಲ್ಲೆಯನ್ನು ಅಂಟಿಸಿ ಹಿಡಿಯುವ ಸಂಭವವಿರುವುದರಿಂದ ಕೆಲವು ತಿಂಗಳಿಗೊಮ್ಮೆ, ನೀರು ತಣ್ಣಗಿರುವಾಗ, ಹಿಡಿಯನ್ನು ಎತ್ತಿ ನೀರು ಸಲೀಸಾಗಿ ಹೊರಬರುವುದನ್ನು ನೋಡಿಕೊಳ್ಳಬೇಕು. ಗೀಸರ್ ಆರಿಸಿ ತಣ್ಣಗಾದ ಮೇಲೂ ಹನಿ ನಿಲ್ಲದಿದ್ದರೆ ಬಿಲ್ಲೆಯ ಕೆಳಗೆ ಕಸ ಸಿಕ್ಕಿರಬೇಕು ಅಥವಾ ಬರುವ ನೀರಿನ ಒತ್ತಡವೇ ವಿಪರೀತವಾಗಿರಬೇಕು. ಇಪ್ಪತ್ತು ಅಂತಸ್ತಿನ ಕಟ್ಟಡದ ಕೆಳಗಿನ ಮನೆಗೆ ತಾರಸಿಯಿಂದ ನೇರವಾಗಿ ನೀರು ಬಂದರೆ ಒತ್ತಡ 6 ಬಾರಿನ ಹತ್ತಿರ ಇರುತ್ತದೆ. ಅಲ್ಲಿ ಒತ್ತಡ ತಗ್ಗಿಸುವ ವಾಲ್ವನ್ನು ಬೇರೆಯಾಗಿಯೇ ಹಾಕಬೇಕಾಗುತ್ತದೆ. ಷವರಿಗಾಗಿ ಪ್ರೆಶರ್ ಪಂಪ್ ಕೂರಿಸಿದ ಮನೆಯಲ್ಲಿ ತೆರೆದ ಏರ್ ಪೈಪ್ ನಡೆಯುವುದಿಲ್ಲ, ಪಂಪ್ ಓಡಿದೊಡನೆ ಅದರ ಬಾಯಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ. ಹಾಗೆಂದು ಏರ್ ಪೈಪಿಗೆ ಕ್ಯಾಪ್ ಹಾಕುವವರು ಅದೇ ದಿನ ಸುರಕ್ಷತಾ ವಾಲ್ವ್ ಇದೆಯೇ ಎಂದು ನೋಡಿಕೊಳ್ಳಬೇಕು.

ತಣ್ಣೀರಿನ ಬಾಯಿಗೆ ನೀಲಿ, ಬಿಸಿನೀರಿನ ಬಾಯಿಗೆ ಕೆಂಪು ಬಳೆಯನ್ನು ತಯಾರಕರು ತೊಡಿಸಿರುತ್ತಾರೆ. ಎರಡೂ ತೊಟ್ಟಿಯ ಅಡಿಯಲ್ಲೇ ಇದ್ದರೂ ಒಳಗೆ ಒಂದೇ ರೀತಿ ಇರುವುದಿಲ್ಲ. ತಣ್ಣೀರಿನ ಕೊಳವೆ ತಳದಲ್ಲೇ ಮುಗಿಯುತ್ತದೆ, ಬಿಸಿನೀರಿನದು ತೊಟ್ಟಿಯ ನೆತ್ತಿಯವರೆಗೆ ಚಾಚಿರುತ್ತದೆ. ಹಗುರವಾದ ಬಿಸಿನೀರು ಮೇಲೆ ನಿಲ್ಲುವುದರಿಂದ ಅದನ್ನು ನೆತ್ತಿಯಿಂದಲೇ ತೆಗೆಯಬೇಕು. ಪೈಪುಗಳು ಅದಲುಬದಲಾದರೆ ಬಿಸಿನೀರಿನ ಪದರದ ಮೇಲೆ ತಣ್ಣೀರು ಸುರಿದು ಕಲಸಿಕೊಳ್ಳುತ್ತದೆ, ತಳದ ತಣ್ಣೀರು ನಲ್ಲಿಗೆ ಬರುತ್ತದೆ. ಅರ್ಧ ಬಕೆಟ್ ತುಂಬುವಷ್ಟರಲ್ಲಿ ನೀರು ಉಗುರುಬೆಚ್ಚಗಾಗಿಬಿಡುವ ಹೊಸ ಗೀಸರಿನ ಮೇಲೆ ಮೊದಲು ಪಡಬೇಕಾದ ಅನುಮಾನ ಇದೇ.

ಪೈಪಿನ ಆಯ್ಕೆಯಲ್ಲಿ ಎಡವುವುದು ಬಹಳ ಸುಲಭ. ಬಿಳಿಯ ಸಾದಾ ಪಿವಿಸಿ ಪೈಪ್ 80 ಡಿಗ್ರಿಯ ಸುಮಾರಿಗೆ ಮೆತ್ತಗಾಗುವುದರಿಂದ ಬಿಸಿನೀರಿಗೆ ಅದು ಸಲ್ಲದು. ಹೆಚ್ಚುವರಿ ಕ್ಲೋರಿನ್ ಸೇರಿಸಿ ಗಟ್ಟಿಗೊಳಿಸಿದ, ಕೆನೆಬಣ್ಣದ ಸಿಪಿವಿಸಿ 93 ಡಿಗ್ರಿಯವರೆಗೆ ಬಾಳುತ್ತದೆ. ಆದರೂ ಅದನ್ನು ಗೀಸರಿನ ಬಾಯಿಗೆ ನೇರವಾಗಿ ತಿರುಗಿಸದೆ, ಉಕ್ಕಿನ ಜಾಲರಿ ಹೆಣೆದ ಕನೆಕ್ಷನ್ ಪೈಪನ್ನು ನಡುವೆ ಬಳಸಬೇಕು. ಹತ್ತು ಮೀಟರ್ ಉದ್ದದ ಸಿಪಿವಿಸಿ ಪೈಪ್ 40 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 25 ಮಿಲಿಮೀಟರ್ ಉದ್ದವಾಗುತ್ತದೆ. ಆ ಎಳೆದಾಟವೆಲ್ಲ ಬಾಗದ ಕೀಲಿನ ಮೇಲೆ ಬಿದ್ದರೆ ಗೋಡೆಯೊಳಗೇ ಬಿರುಕು ಬಿಡುತ್ತದೆ. ಟೆಫ್ಲಾನ್ ಟೇಪನ್ನು ಮರೆಯ, ಅಂದರೆ ತಿರುಪಿನ, ಸುತ್ತು ತಿರುಗುವ ದಿಕ್ಕಿಗೇ ಸುತ್ತಬೇಕು, ಮಿತಿಮೀರಿ ಸುತ್ತಿದರೆ ಬೆಣೆ ಹೊಡೆದಂತಾಗಿ ಪ್ಲಾಸ್ಟಿಕ್ ಸಾಕೆಟ್ ಸೀಳುತ್ತದೆ. ಹಿತ್ತಾಳೆಯ ಮರೆ ಕೂರಿಸಿದ ಸಾಕೆಟ್ಟುಗಳು ಇರುವುದೇ ಇದಕ್ಕಾಗಿ.

ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಒಡೆದು ಸುಣ್ಣದಕಲ್ಲಿನ ಪದರವಾಗಿ ಕಾಯಿಲಿನ ಮೇಲೆ ಕೂರುತ್ತದೆ. ತೊಟ್ಟಿಗೆ ತುಕ್ಕು ಹಿಡಿಯದಿರಲೆಂದು ಒಳಗೆ ಮೆಗ್ನೀಷಿಯಂ ಸರಳೊಂದನ್ನು ಇಟ್ಟಿರುತ್ತಾರೆ. ಉಕ್ಕಿಗಿಂತ ಬೇಗ ಸವೆಯುವ ಗುಣವುಳ್ಳ ಅದು ತಾನು ಕರಗುತ್ತ ತೊಟ್ಟಿಯನ್ನು ಉಳಿಸುತ್ತದೆ. ಅದು ಸವೆದುಹೋದದ್ದು ಹೊರಗಿನಿಂದ ಕಾಣದ ಕಾರಣ ಸರ್ವಿಸ್ ಮಾಡಿಸುವಾಗ ಹೊರತೆಗೆದು ತೋರಿಸಲು ಕೇಳಬೇಕು.

ವಿದ್ಯುತ್ತಿನ ಮಾತು ಬೇರೆ ಅಧ್ಯಾಯಕ್ಕೆ ಸೇರಿದ್ದಾದರೂ ಕೊಳಾಯಿಗೆ ತಗುಲಿದ ಒಂದು ಅಂಶವನ್ನು ಹೇಳಲೇಬೇಕು. ಹಿಂದಿನ ಕಬ್ಬಿಣದ ಪೈಪುಗಳು ನೆಲಕ್ಕೆ ತಾಗಿರುತ್ತಿದ್ದುದರಿಂದ ಅರ್ಥಿಂಗ್ ಇಲ್ಲದ ಗೀಸರಿನ ಸೋರುವ ವಿದ್ಯುತ್ತು ಎಷ್ಟೋ ಸಲ ಅವುಗಳ ಮೂಲಕವೇ ಭೂಮಿಗೆ ಇಳಿದುಹೋಗುತ್ತಿತ್ತು. ಪ್ಲಾಸ್ಟಿಕ್ ಪೈಪಿನ ಮನೆಯಲ್ಲಿ ಆ ಆಕಸ್ಮಿಕ ರಕ್ಷಣೆಯೂ ಇಲ್ಲ, ಸೋರಿದ ವಿದ್ಯುತ್ತು ನೀರಿನ ಮೂಲಕ ಹಸಿಮೈಗೆ ಬರುತ್ತದೆ. ಆದ್ದರಿಂದ ಸರಿಯಾದ ಅರ್ಥಿಂಗ್, 16 ಆಂಪಿಯರಿನ ಸಾಕೆಟ್ ಮತ್ತು ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದೊಡನೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಇಲ್ಲದ ಕಡೆ ಗೀಸರ್ ಹಾಕಿಸಲೇಬಾರದು. ಕೊಳ್ಳುವಾಗ ಐಎಸ್ 2082 ಮಾನಕದ ಗುರುತು ಇರುವುದನ್ನೂ ನೋಡಿಕೊಳ್ಳಬೇಕು.

ಉಷ್ಣತೆಯನ್ನು ಎಷ್ಟಕ್ಕೆ ನಿಲ್ಲಿಸಬೇಕೆಂಬುದರಲ್ಲಿ ಎರಡು ಅಪಾಯಗಳ ನಡುವೆ ತೂಗಿನೋಡಬೇಕಾಗುತ್ತದೆ. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲೇ ಚರ್ಮವನ್ನು ಆಳವಾಗಿ ಸುಡಬಲ್ಲದು, ಮಕ್ಕಳಿಗೂ ಮುದುಕರಿಗೂ ಅಷ್ಟೂ ಹೊತ್ತು ಬೇಕಾಗದು. ಇತ್ತ ಉಗುರುಬೆಚ್ಚಗಿನ ನಿಂತ ನೀರು, 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಲವರನ್ನು ಬಲಿತೆಗೆದುಕೊಂಡ ಬಳಿಕ ಪತ್ತೆಯಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹೇಳಿಮಾಡಿಸಿದ ನೆಲೆ. ತೊಟ್ಟಿಯಲ್ಲಿ 60 ಡಿಗ್ರಿ ಇಟ್ಟು, ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡುವುದು ಎರಡಕ್ಕೂ ಉತ್ತರವಾಗುತ್ತದೆ.

ಜೋಡಣೆ ಮುಗಿದ ಮೇಲೆ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದಿಟ್ಟು ತಣ್ಣೀರಿನ ಕಾಕ್ ಬಿಡಬೇಕು. ಮೊದಲು ಗಾಳಿ ಬುಸುಗುಡುತ್ತದೆ, ನಂತರ ನೀರು ಉಗುಳುತ್ತ ಬರುತ್ತದೆ, ಕೊನೆಗೆ ತಡೆಯಿಲ್ಲದ ಧಾರೆಯಾಗುತ್ತದೆ. ತೊಟ್ಟಿ ತುಂಬಿದ್ದಕ್ಕೆ ಆ ಧಾರೆಯೇ ಗುರುತು, ಅದಕ್ಕೆ ಮುಂಚೆ ಸ್ವಿಚ್ ಹಾಕಿದರೆ ಒಣ ತೊಟ್ಟಿಯಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ. 2,000 ವಾಟಿನ ಕಾಯಿಲ್ 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಗೀಸರ್ ಹಾಕಿಸಿಕೊಳ್ಳುವವರು ಪ್ಲಂಬರನ್ನು ಆ ಅರ್ಧ ಗಂಟೆ ನಿಲ್ಲಿಸಿಕೊಂಡು, ನಲ್ಲಿಗಳನ್ನೆಲ್ಲ ಮುಚ್ಚಿಸಿ, ಹಿಗ್ಗಿದ ನೀರು ವಾಲ್ವಿನ ಟ್ಯೂಬಿನಿಂದಲೋ ಏರ್ ಪೈಪಿನಿಂದಲೋ ಹೊರದಾರಿ ಕಂಡುಕೊಳ್ಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೂಲಿ ಕೊಟ್ಟು ಕಳುಹಿಸಬೇಕು.